ಅಕ್ಕಿಪೇಟೆಯ ಮಾತಿಗೆ ದಂಡಿನ ಪದ

1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಲ್ಲಿದ್ದ ಬೆಂಗಳೂರು ಪೇಟೆಯ ಬಾಗಿಲಿಗೆ ಬಂತು. ಆಗ ಪೇಟೆಯ ಸುತ್ತ ಮಣ್ಣಿನ ಗೋಡೆ, ಅದರಾಚೆ ಕಂದಕ, ದಟ್ಟ ಮುಳ್ಳಿನ ಬೇಲಿ. ಒಳಗೆ ಅಕ್ಕಿಯವರು, ಹತ್ತಿಯವರು, ಬಳೆಯವರು, ಗಾಣದವರು, ಮಗ್ಗದವರು ಒಂದೊಂದು ಕಸುಬಿಗೆ ಒಂದೊಂದು ಬೀದಿ ಮಾಡಿಕೊಂಡು ಬಾಳುತ್ತಿದ್ದ ಊರು. ಬಾಗಿಲು ಒಡೆಯುವ ಹೊತ್ತಿನಲ್ಲಿ ಮದ್ರಾಸ್ ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಗುಂಡು ತಗುಲಿ ಸತ್ತ. ಪೇಟೆ ಅಂದೇ ಬಿತ್ತು, ಸುಲಿಗೆಯೂ ಆಯಿತು. ಎರಡು ವಾರ ಕಳೆದು ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಮಡಿದ. ಮೂರ್‌ಹೌಸನ ಸಾವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ದೊಡ್ಡ ತೈಲಚಿತ್ರವಾಗಿ ಬರೆದ. ಅದರಲ್ಲಿ ಅಕ್ಕಿ ಅಳೆಯುವವರು, ಮಗ್ಗದ ಮುಂದೆ ಕೂರುವವರು ಕಾಣುವುದಿಲ್ಲ.

ಮುತ್ತಿಗೆ, ಲಗ್ಗೆ, ದಾಳಿ, ಸುಲಿಗೆ: ಈ ನಾಲ್ಕೂ ಪದಗಳು ಆ ಎರಡು ವಾರಗಳಲ್ಲಿ ಈ ಬೀದಿಗಳಲ್ಲಿ ನಿಜವಾಗಿ ನಡೆದುಹೋದವು. ಇವತ್ತು ಅದೇ ಪೇಟೆಯೊಳಗಿನ ಅಕ್ಕಿಪೇಟೆಯ ಮುಖ್ಯರಸ್ತೆಯಲ್ಲಿ ಚಹಾದ ಅಂಗಡಿಯ ಮುಂದೆ ನಿಂತು ಪತ್ರಿಕೆ ಬಿಡಿಸಿದರೆ ಮಾವಿನಹಣ್ಣು ಮಾರುಕಟ್ಟೆಗೆ ಲಗ್ಗೆ ಇಡುತ್ತದೆ. ಡೆಂಗಿ ನಗರದ ಮೇಲೆ ದಾಳಿ ಮಾಡುತ್ತದೆ. ಹೊಸ ಫೋನು ಪ್ರತಿಸ್ಪರ್ಧಿಗಳನ್ನು ಧೂಳೀಪಟ ಮಾಡುತ್ತದೆ. ಒಬ್ಬ ಸಚಿವರು ಇನ್ನೊಬ್ಬರ ಪ್ರಶ್ನೆಗೆ ಉತ್ತರ ಕೊಟ್ಟರೆ ಅದು ತಿರುಗೇಟು, ಸ್ವಲ್ಪ ಜೋರಾಗಿ ಕೊಟ್ಟರೆ ವಾಗ್ದಾಳಿ. ಪಕ್ಷ ಎಂದು ಬರೆಯಬಹುದಾದ ಕಡೆ ಪಾಳಯ, ಕ್ಷೇತ್ರ ಎನ್ನಬಹುದಾದ ಕಡೆ ಭದ್ರಕೋಟೆ, ಪ್ರಚಾರ ಶುರುವಾಯಿತು ಎನ್ನುವ ಬದಲು ರಣಕಹಳೆ ಮೊಳಗಿತು. ಕ್ರಿಕೆಟ್ ತಂಡ ಎಂದೋ ಪಡೆಯಾಗಿದೆ.

ಇಷ್ಟೆಲ್ಲ ಸೇನೆಯ ಪದಗಳು ನಮ್ಮ ದಿನದ ಬರವಣಿಗೆಗೆ ಬಂದದ್ದು ಎಲ್ಲಿಂದ? ಅವು ಬಂದುದರಿಂದ ನಾವು ಪಡೆದದ್ದೇನು, ಕಳೆದುಕೊಂಡದ್ದೇನು? ಯುದ್ಧದ ಪದವೇ ಬೇಡ ಎನ್ನುವ ಹಟ ನನಗಿಲ್ಲ. ಕನ್ನಡದ ಮೊದಲ ಮಹಾಕಾವ್ಯಗಳಲ್ಲೇ ಒಂದು ಯುದ್ಧದ ಕಾವ್ಯ, ಅದನ್ನು ಬರೆದ ಪಂಪ ಕವಿಯೂ ಹೌದು, ಕಲಿಯೂ ಹೌದು. ಆದರೆ ಕತ್ತಿ ಎಂಬ ಪದ ಬರೆಯುವವರಿಗೆ ಅದರ ಅಲಗು ಯಾವ ಕಡೆಗಿದೆ, ಅದು ಯಾರಿಗೆ ತಾಗುತ್ತದೆ ಎಂಬುದು ಗೊತ್ತಿರಬೇಕು. ಗೊತ್ತಿಲ್ಲದೆ ಬರೆದಾಗ ಪೆಟ್ಟು ತಿಂದವರು ಮಾತಿನಿಂದ ಮರೆಯಾಗುತ್ತಾರೆ. ನನ್ನ ಚಿಂತೆ ಅದರ ಬಗ್ಗೆ.

ದಫೇದಾರ, ದಲಾಯತ್

ಈ ಊರಿನ ಹೆಸರೇ ಮೊದಲು ನಮಗೆ ಕಾಣಸಿಗುವುದು ಒಂದು ಕಾಳಗದ ಜೊತೆಯಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನ ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಮಡಿದುದನ್ನು ದಾಖಲಿಸಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೂ ಆರೂವರೆ ಶತಮಾನ ಮೊದಲಿನ ಮಾತು ಇದು. ವೀರಗಲ್ಲು ಬರೆಸಿದವರಲ್ಲಿ ನಾನು ಮೆಚ್ಚುವುದು ಒಂದು ಗುಣವನ್ನು: ಕಾಳಗ ಎಂದು ಬರೆದರೆ ಅದರ ಪಕ್ಕದಲ್ಲೇ ಸತ್ತವನನ್ನೂ ನೆನೆಯುತ್ತಾರೆ. ಕಾಳಗ ಇದೆ, ಸತ್ತವನಿಲ್ಲ ಎಂಬಂಥ ವಾಕ್ಯವನ್ನು ಅವರು ಕಲ್ಲಿನಲ್ಲಿ ಕೆತ್ತಿಸುತ್ತಿರಲಿಲ್ಲ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಬೇಸತ್ತು ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ಹಲಸೂರಿನ ಬಯಲಿನಲ್ಲಿ ನೆಲೆಗೊಳಿಸಿದರು. ಅಲ್ಲಿಂದ ಊರು ಎರಡಾಯಿತು. ಈ ಕಡೆ ಪೇಟೆ, ಆ ಕಡೆ ದಂಡು. ಪೇಟೆಯ ಬೀದಿಗಳಿಗೆ ಅಕ್ಕಿ, ರಾಗಿ, ಅರಳೆ, ಬಳೆಗಳ ಹೆಸರು; ದಂಡಿನ ಬೀದಿಗಳಿಗೆ ಬ್ರಿಗೇಡ್, ಇನ್‌ಫೆಂಟ್ರಿ, ಆರ್ಟಿಲರಿ, ಕ್ಯಾವಲ್ರಿ ಎಂಬ ಹೆಸರು. ದಂಡಿನ ರೈಲು ನಿಲ್ದಾಣಕ್ಕೆ ಮೊದಲ ಗಾಡಿ ಬಂದದ್ದು 1864ರಲ್ಲಿ. ಆ ನಿಲ್ದಾಣದ ಫಲಕದಲ್ಲಿ ಇಂದಿಗೂ ಕನ್ನಡದಲ್ಲಿ ಬೆಂಗಳೂರು ದಂಡು ಎಂದೇ ಇದೆ. ಊರ ನಕ್ಷೆ ನೋಡಿದರೆ ಬದುಕಿನ ಪದಗಳು ಒಂದು ಕಡೆ, ಕವಾಯತಿನ ಪದಗಳು ಇನ್ನೊಂದು ಕಡೆ ಬಿಡಿಬಿಡಿಯಾಗಿ ಕಾಣುತ್ತವೆ. ಪೇಟೆಯೊಳಗೂ ಯುದ್ಧದ ಹೆಸರು ಇಲ್ಲದಿಲ್ಲ. ತಾರಾಮಂಡಲಪೇಟೆ ಎಂಬ ಹೆಸರನ್ನು ಟಿಪ್ಪುವಿನ ಕಾಲದ ರಾಕೆಟ್ಟುಗಳ ಜೊತೆ ಸೇರಿಸಿ ಹೇಳುತ್ತಾರೆ.

ಕೆಲವು ಸೇನಾಪದಗಳು ಹೀಗೆ ಊರೊಳಗೆ ಬಂದು, ಆಯುಧ ಕೆಳಗಿಟ್ಟು, ಸಾಧುವಾಗಿ ನೆಲೆಸಿವೆ. ಜಿಲ್ಲಾಧಿಕಾರಿಯ ಕೋಣೆಯ ಮುಂದೆ ಪಟ್ಟಿ ಕಟ್ಟಿಕೊಂಡು ನಿಲ್ಲುವ ದಫೇದಾರ ಒಂದು ಕಾಲಕ್ಕೆ ಕುದುರೆ ಸವಾರರ ತುಕಡಿಯ ನಾಯಕ. ಸರ್ಕಾರಿ ಕಚೇರಿಯಲ್ಲಿ ಕಡತ ಹೊರುವ ದಲಾಯತ್ ಮೂಲದಲ್ಲಿ ಗುರಾಣಿ ಹಿಡಿದವನು. ಜಮಾದಾರನದೂ ಅದೇ ಕಥೆ. ಈ ಪದಗಳನ್ನು ಬಳಸುವಾಗ ಯಾರ ಕಣ್ಣಿಗೂ ಕತ್ತಿ ಗುರಾಣಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅವುಗಳ ಬಗ್ಗೆ ತಗಾದೆ ತೆಗೆಯುವುದು ವ್ಯರ್ಥ. ತಗಾದೆ ಇರುವುದು ಇನ್ನೂ ಅರೆಜೀವ ಉಳಿದಿರುವ ಪದಗಳ ಮೇಲೆ. ಅವು ಬರೆಯುವವರ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ಓದುವವರ ಮನಸ್ಸಿನಲ್ಲಿ ಮಾತ್ರ ಒಬ್ಬ ವೈರಿಯನ್ನು ಹುಟ್ಟಿಸುತ್ತವೆ.

ಪೇಟೆಯ ವ್ಯಾಪಾರಸ್ಥರ ಮಾತು ಕೇಳಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅಕ್ಕಿಪೇಟೆಯಲ್ಲಿ ಈಗ ಅಕ್ಕಿ ಮಂಡಿಗಳದ್ದೇ ರಾಜ್ಯವಲ್ಲ. ದವಸದ ಸಗಟು ವ್ಯಾಪಾರ ತರಗುಪೇಟೆಗೆ, ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ ಬಹಳ ಕಾಲವಾಯಿತು. ಆದರೆ ಮಾತಿನಲ್ಲಿ ಮಂಡಿ ಉಳಿದಿದೆ. ಬೆಳಗ್ಗೆ ಬೋಣಿ ಆಗಬೇಕು. ಸರಕು ಎದ್ದರೆ ಸಂತೋಷ, ಕೂತರೆ ಸಂಕಟ. ಧಾರಣೆ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಉದ್ರಿ ಬೆಳೆಯುತ್ತದೆ, ಬಾಕಿ ಮುಳುಗುತ್ತದೆ, ಗಿರಾಕಿ ಕೈತಪ್ಪುತ್ತಾನೆ, ಮತ್ತೆ ಕೈಹತ್ತುತ್ತಾನೆ. ಎದುರು ಅಂಗಡಿಯವನ ವ್ಯಾಪಾರ ಚೆನ್ನಾಗಿ ನಡೆದರೆ, ‘ಅವರಿಗೆ ಕೈಗೂಡಿದೆ, ಬಿಡಪ್ಪ’ ಎನ್ನುತ್ತಾರೆ. ಈ ಮಾತಿನಲ್ಲೂ ಪೈಪೋಟಿ ಇದೆ, ಹೊಟ್ಟೆಯುರಿ ಇದೆ, ದಿವಾಳಿಯ ಭಯ ಇದೆ. ಆದರೆ ಎದುರಿನವನು ಸಾಯಬೇಕಾಗಿಲ್ಲ. ನಾಳೆ ಚಿಲ್ಲರೆ ಬೇಕಾದರೆ ಅವನ ಗಲ್ಲಾದ ಮುಂದೆಯೇ ಹೋಗಿ ನಿಲ್ಲಬೇಕಲ್ಲ.

ಹನ್ನೊಂದು, ಹನ್ನೆರಡನೆಯ ಶತಮಾನಗಳ ವಚನಕಾರರು ತಮ್ಮ ಅನುಭಾವವನ್ನು ಹೇಳಲು ಹೋದದ್ದು ಇಂಥ ಮಾತಿನ ಬಳಿಗೇ. ಅಂಬಿಗರ ಚೌಡಯ್ಯನಿಗೆ ದೋಣಿ, ಜೇಡರ ದಾಸಿಮಯ್ಯನಿಗೆ ಮಗ್ಗ. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ ಗಂಡನನ್ನು ತಿದ್ದಿದಳು. ದುರಾಸೆ ಎಂಬಷ್ಟು ದೊಡ್ಡ ವಿಷಯವನ್ನು ಆಕೆ ಅಳೆದದ್ದು ಹಿಡಿ ಅಕ್ಕಿಯಿಂದ. ಅವರ ಸುತ್ತ ರಾಜರಿದ್ದರು, ಸೇನೆ ಇತ್ತು, ಕಲ್ಯಾಣದಲ್ಲಿ ರಕ್ತವೂ ಹರಿಯಿತು. ಆದರೂ ನುಡಿಗೆ ಆಯ್ದುಕೊಂಡದ್ದು ಕೈಯಾರೆ ಮಾಡುವ ಕೆಲಸವನ್ನು.

ಸಮರೋಪಾದಿಯಲ್ಲಿ

ನಮ್ಮ ಪತ್ರಿಕೆ, ಕಚೇರಿ, ಸರ್ಕಾರಿ ಪ್ರಕಟಣೆಗಳ ಯುದ್ಧಭಾಷೆಯ ದೊಡ್ಡ ಪಾಲು ಕುಮಾರವ್ಯಾಸನಿಂದ ಬಂದದ್ದಲ್ಲ, ಇಂಗ್ಲಿಷಿನಿಂದ ಬಂದದ್ದು. ಚಕ್ರವ್ಯೂಹ, ಬ್ರಹ್ಮಾಸ್ತ್ರಗಳನ್ನು ಭಾರತದ ಕಥೆ ಕೊಟ್ಟಿತು, ನಿಜ. ಆದರೆ ಅವನ್ನು ಎಲ್ಲೆಂದರಲ್ಲಿ ಹಚ್ಚುವ ಅಭ್ಯಾಸವನ್ನು ನಾವು ಕಲಿತದ್ದು ಇಂಗ್ಲಿಷ್ ಸುದ್ದಿಮನೆಯಿಂದ, ಕಂಪನಿಗಳ ಇಂಗ್ಲಿಷಿನಿಂದ. ಬಸವನಗುಡಿ, ಮಲ್ಲೇಶ್ವರದ ಮನೆಗಳಿಂದ ಹೊರಟು ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕೂರುವ ನಮ್ಮ ಮಕ್ಕಳು ದಿನವೂ ಬರೆಯುವ ಇಮೇಲುಗಳನ್ನು ನೋಡಿ. ಟಾರ್ಗೆಟ್, ಕ್ಯಾಂಪೇನ್, ಸ್ಟ್ರಾಟಜಿ, ಫ್ರಂಟ್‌ಲೈನ್, ವಾರ್‌ರೂಮ್ ಇಲ್ಲದೆ ಒಂದು ಬಿಸ್ಕತ್ತನ್ನೂ ಮಾರಲಾಗದು. ಅಂಗಡಿಯಿಂದ ಅಂಗಡಿಗೆ ಬ್ಯಾಗು ಹೊತ್ತು ತಿರುಗುವ ಸೇಲ್ಸ್ ಹುಡುಗ ತಿಂಗಳ ಕೊನೆಯಲ್ಲಿ, ‘ಅಣ್ಣಾ, ಟಾರ್ಗೆಟ್ ಆಗಿಲ್ಲ, ಎರಡು ಕೇಸ್ ಜಾಸ್ತಿ ತಗೊಳ್ಳಿ’ ಎಂದು ಬೇಡುವಾಗ ಅವನ ಮುಖದಲ್ಲಿ ಗುರಿಕಾರನ ಗತ್ತು ಇರುವುದಿಲ್ಲ. ಗುರಿ ಆಗಿರುವವನು ಅವನೇ. ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಡೆಡ್‌ಲೈನ್ ಅಮೆರಿಕದ ಅಂತರ್ಯುದ್ಧದ ಸೆರೆಶಿಬಿರಗಳಿಂದ ಬಂದ ಪದ. ಕೈದಿ ಆ ಗೆರೆ ದಾಟಿದರೆ ಕಾವಲಿನವನು ಗುಂಡು ಹಾರಿಸಬಹುದಿತ್ತು. 1864ರಲ್ಲಿ ಆಂಡರ್ಸನ್‌ವಿಲ್ ಶಿಬಿರದ ಆ ಗೆರೆ ಕುಖ್ಯಾತವಾಯಿತು.

ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದ ಇಂಥ ಪದಗಳಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ‘ಸಮರೋಪಾದಿಯಲ್ಲಿ.’ ರಸ್ತೆಗುಂಡಿ ಸಮರೋಪಾದಿಯಲ್ಲಿ ಮುಚ್ಚಲಾಗುವುದು, ರಾಜಕಾಲುವೆಯ ಹೂಳು ಸಮರೋಪಾದಿಯಲ್ಲಿ ಎತ್ತಲಾಗುವುದು. ಯುದ್ಧ ನಡೆಯುವಾಗ ಆಗುವಷ್ಟು ವೇಗವಾಗಿ ಎಂಬ ಭರವಸೆ ಅದರಲ್ಲಿದೆ. ಅಕ್ಕಿಪೇಟೆಗೆ ಹೊಂದಿಕೊಂಡ ಕಾಟನ್‌ಪೇಟೆ ಮುಖ್ಯರಸ್ತೆಯ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುನಿರ್ಮಾಣ ಯೋಜನೆಯ ಕಾಮಗಾರಿಯನ್ನು ಕಂಡವರಿಗೆ ಅದರ ಬೆಲೆ ಗೊತ್ತು. ರಸ್ತೆ ಅಗೆದು, ಕೊಳವೆಗಳನ್ನು ಹೊರಗೆ ಬಿಟ್ಟು ಕೆಲಸ ವರ್ಷಗಟ್ಟಲೆ ಎಳೆಯಿತು. ಅಂಗಡಿಯ ಮೆಟ್ಟಿಲಿಗೆ ಹಲಗೆ ಹಾಕಿಕೊಂಡು ವ್ಯಾಪಾರ ಮಾಡಿದವರು, ಸರಕಿನ ಗಾಡಿ ಬಾರದೆ ಮೂಟೆಯನ್ನು ದೂರದಿಂದ ಹೊತ್ತು ತಂದ ಹಮಾಲಿಗಳು ಆ ಪದಕ್ಕೆ ಪ್ರತಿಯಾಗಿ ಕೇಳಬೇಕಾಗಿದ್ದುದು ಸಾದಾ ಸಂಗತಿಗಳನ್ನು. ಯಾವ ತಾರೀಕಿಗೆ ಮುಗಿಯುತ್ತದೆ? ಗುತ್ತಿಗೆ ಯಾರದು? ಇಂದು ಎಷ್ಟು ಜನ ಕೆಲಸಕ್ಕೆ ಬಂದಿದ್ದಾರೆ? ಸಮರ ಎಂಬ ಪದ ಬಂದ ಕೂಡಲೇ ಈ ಮೂರೂ ಪ್ರಶ್ನೆಗಳು ಸಣ್ಣವಾಗಿಬಿಡುತ್ತವೆ. ರಣರಂಗದಲ್ಲಿ ನಿಂತು ತಾರೀಕು ಕೇಳುವವರುಂಟೇ?

ಜಾರ್ಜ್ ಆರ್ವೆಲ್ 1946ರಲ್ಲಿ ಇಂಗ್ಲಿಷಿನ ರಾಜಕೀಯ ಬರವಣಿಗೆಯ ಮೇಲೆ ಬರೆದ ಹೆಸರಾಂತ ಪ್ರಬಂಧದ ಒಂದು ಮುಖ್ಯ ದೂರು ಇದೇ. ರೂಪಕ ಬಳಸುವವರು ಅದರ ಚಿತ್ರವನ್ನು ಕಾಣುತ್ತಿಲ್ಲ ಎಂದರೆ ಅವರು ಯೋಚಿಸುತ್ತಲೇ ಇಲ್ಲ ಎಂದರ್ಥ. ಆರ್ವೆಲ್ ಬರೇ ಮೇಜಿನ ಮುಂದೆ ಕೂತ ಟೀಕಾಕಾರರಲ್ಲ. 1937ರಲ್ಲಿ ಸ್ಪೇನಿನ ಯುದ್ಧದಲ್ಲಿ ಅವರ ಕುತ್ತಿಗೆಯ ಮೂಲಕವೇ ಗುಂಡು ಹಾದುಹೋಗಿತ್ತು. ಅದೇ ಪ್ರಬಂಧದಲ್ಲಿ ಅವರು ಇದರ ತಿರುವುಮುರುವನ್ನೂ ತೋರಿಸಿದರು. ಬಾಂಬು ಹಾಕಿ ಹಳ್ಳಿಗಳನ್ನು ಬರಿದು ಮಾಡುವವರು ಅದಕ್ಕೆ ಶಾಂತಿಸ್ಥಾಪನೆ ಎಂಬ ಹೆಸರು ಕೊಡುತ್ತಾರೆ.

ಈ ಅದಲುಬದಲು ನಮ್ಮಲ್ಲೂ ನಡೆದಿದೆ. ರೋಗಕ್ಕೆ, ರಸ್ತೆಗುಂಡಿಗೆ ಯುದ್ಧದ ಪದ. ಯುದ್ಧಕ್ಕೆ ಆಸ್ಪತ್ರೆಯ ಪದ. 2016ರ ಸೆಪ್ಟೆಂಬರಿನಲ್ಲಿ ಗಡಿಯಾಚೆ ನಡೆದ ಸೇನಾ ಕಾರ್ಯಾಚರಣೆ ಸರ್ಜಿಕಲ್ ಸ್ಟ್ರೈಕ್ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಒಂದೂವರೆ ತಿಂಗಳಿಗೆ, ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿಯ ನೋಟು ರದ್ದಾದಾಗ ಅದಕ್ಕೆ ಕಪ್ಪುಹಣದ ಮೇಲಿನ ಸರ್ಜಿಕಲ್ ಸ್ಟ್ರೈಕ್ ಎಂದು ಹೆಸರಿಟ್ಟರು. ಕೆಟ್ಟ ಗಂಟನ್ನಷ್ಟೇ ಕೊಯ್ದು ತೆಗೆಯುತ್ತದೆ, ಉಳಿದ ಮೈಗೆ ಗಾಯವಿಲ್ಲ ಎಂಬುದು ಆ ಪದದ ಭರವಸೆ. ನಗದಿನಲ್ಲೇ ನಡೆಯುವ ಈ ಪೇಟೆಗಳಲ್ಲಿ ದಿನಗೂಲಿಗೆ ಮೂಟೆ ಹೊರುವವರ ಕೈಗೆ ಸಂಜೆ ಕೊಡಲು ಸಾಹುಕಾರರ ಗಲ್ಲಾದಲ್ಲಿ ಚಲಾವಣೆಯ ನೋಟಿರಲಿಲ್ಲ. ನೋಟು ರದ್ದತಿ ಸರಿಯೋ ತಪ್ಪೋ ಎಂಬ ಅರ್ಥಶಾಸ್ತ್ರದ ಚರ್ಚೆ ಬೇರೆ. ಆ ಪದದೊಳಗೆ ಮಾತ್ರ ಆ ಹಮಾಲಿಗೆ ಜಾಗವಿರಲಿಲ್ಲ. ಕರ್ನಾಟಕದ ರಾಜಕೀಯಕ್ಕಂತೂ, ಬೇರೆ ಪಕ್ಷದ ಶಾಸಕರನ್ನು ಸೆಳೆಯುವುದಕ್ಕೆ, 2008ರಿಂದ ಆಪರೇಷನ್ ಕಮಲ ಎಂಬ ಪದ ಬಂದು ಕೂತಿದೆ. ಅದು ವೈದ್ಯರ ಆಪರೇಷನ್ನೋ ಸೇನೆಯ ಆಪರೇಷನ್ನೋ ಎಂದು ಯಾರೂ ಕೇಳಲಿಲ್ಲ. ಮತದಾರ ಕೊಟ್ಟ ತೀರ್ಪಿಗೆ ಏನಾಯಿತು ಎಂಬ ಪ್ರಶ್ನೆ ಎರಡರ ನಡುವೆ ಜಾರಿಹೋಯಿತು.

ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರದ ಮಾರ್ಕ್ ಜಾನ್ಸನ್ 1980ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸುಂದರ ಪ್ರಶ್ನೆ ಇದೆ. ನಾವು ವಾದವನ್ನು ಯುದ್ಧ ಎಂದು ಭಾವಿಸಿ ಮಾತಾಡುತ್ತೇವೆ. ವಾದವನ್ನು ನೃತ್ಯ ಎಂದು ಭಾವಿಸುವ ಜನಾಂಗವೊಂದಿದ್ದರೆ ಅವರ ವಾದ ಹೇಗಿರುತ್ತಿತ್ತು? ಕನ್ನಡಿಗರು ಇದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಾಗಿಲ್ಲ. ಮಾತಿಗೆ ಮಾತು ಕೂಡಿಸುವುದು, ಮಾತು ಮಥಿಸುವುದು, ಮಾತನ್ನು ತೂಗಿ ನೋಡುವುದು, ಜಳ್ಳು ಯಾವುದು ಗಟ್ಟಿ ಯಾವುದು ಎಂದು ಕೇರಿ ನೋಡುವುದು, ಎಲ್ಲವೂ ನಮ್ಮಲ್ಲಿವೆ. ಸಂಜೆಯ ಟಿವಿ ಚರ್ಚೆಯಲ್ಲಿ ಮಾತ್ರ ಇವುಗಳ ಪೈಕಿ ಒಂದೂ ಕೇಳಿಸುವುದಿಲ್ಲ.

ಅಲಗು ತಮ್ಮ ಎದೆಗೆ

ಹಾಗಾದರೆ ಯುದ್ಧದ ಪದಗಳಿಗೆ ನೈಜವಾದ ಜಾಗವೇ ಇಲ್ಲವೇ? ಇದೆ. ಅದನ್ನು ತೋರಿಸಲೂ ನನಗೆ ಅಕ್ಕಿಪೇಟೆಯೇ ಸಾಕು.

ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತದೆ. ಅಕ್ಕಿಪೇಟೆ, ಅರಳೇಪೇಟೆಗಳನ್ನು ಹಾಯ್ದು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಮಲ್ಲಿಗೆಯ ಕರಗದ ಸುತ್ತ ಬಿಚ್ಚುಕತ್ತಿ ಹಿಡಿದ ವೀರಕುಮಾರರು. ತಿಮಿರಾಸುರನನ್ನು ಎದುರಿಸಲು ದ್ರೌಪದಿ ಹುಟ್ಟಿಸಿದ ಸೈನಿಕರ ವಂಶ ತಮ್ಮದು ಎಂದು ನಂಬಿದವರು ಅವರು. ಇದು ಪೂರಾ ಸೇನೆಯ ರೂಪಕ. ಕತ್ತಿ, ಪಡೆ, ಅಸುರ, ಕಾವಲು, ಯಾವುದಕ್ಕೂ ಕೊರತೆಯಿಲ್ಲ. ಆದರೆ ಅವರ ಅಲಗುಸೇವೆ ನೋಡಿ. ಕತ್ತಿಯ ಅಲಗು ಬೀಳುವುದು ಅವರದೇ ಬರಿ ಎದೆಯ ಮೇಲೆ. ಹೊರಗಿನ ವೈರಿ ಯಾರೂ ಇಲ್ಲ. ವ್ರತ ಹಿಡಿದವರು ತಮ್ಮ ಶುದ್ಧಿಯನ್ನು ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿಕೊಳ್ಳುತ್ತಾರೆ.

1942ರ ಚಲೇಜಾವ್ ಚಳವಳಿಯವರದೂ ಇದೇ ಬಗೆಯ ಯುದ್ಧಭಾಷೆ. ಅಹಿಂಸೆಯ ಸೈನಿಕರು, ಕೊನೆಯ ಹೋರಾಟ ಎಂದೆಲ್ಲ ಕರೆದುಕೊಂಡವರು ಪೆಟ್ಟು ಕೊಡಲಿಕ್ಕೆ ಹೊರಟವರಲ್ಲ, ತಿನ್ನಲು ಸಿದ್ಧರಾಗಿ ಹೊರಟವರು. ಪೇಟೆಯ ಅಂಚಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ಗುಂಡಿಗೆ ಬಲಿಯಾದ ತರುಣರ ನೆನಪಿನ ಸ್ಮಾರಕ ಇದೆ. ಅವರ ಪಾಲಿಗೆ ಹೋರಾಟ ಎಂಬುದು ಅಲಂಕಾರವಾಗಿರಲಿಲ್ಲ. ಇನ್ನೂ ಹಿಂದೆ ಹೋದರೆ ಪಂಪನ ಆದಿಪುರಾಣದ ಭರತ–ಬಾಹುಬಲಿಗಳಿದ್ದಾರೆ. ಎರಡು ಸೇನೆ ಎದುರುಬದುರು ನಿಂತಾಗ ಸೈನಿಕರು ಸಾಯುವುದು ಬೇಡ ಎಂದು ಅಣ್ಣ ತಮ್ಮ ಇಬ್ಬರೇ ಸೆಣಸಿದರು. ಗೆದ್ದ ಬಾಹುಬಲಿ ಗೆದ್ದುದನ್ನೇ ಬಿಟ್ಟು ನಡೆದ.

ಈ ಮೂರರಲ್ಲೂ ಯುದ್ಧದ ಮಾತು ಆಡುವವರು ಅದರ ಖರ್ಚನ್ನು ತಾವೇ ಹೊತ್ತಿದ್ದಾರೆ. ಒಂದು ಯುದ್ಧರೂಪಕ ಎದುರಾದಾಗ ಖರ್ಚು ಯಾರ ಲೆಕ್ಕಕ್ಕೆ ಎಂದು ನಾನು ಕೇಳಿಕೊಳ್ಳುತ್ತೇನೆ. ಈ ಪ್ರಶ್ನೆಗೆ ಕಾಯಿಲೆಯ ವಿಷಯದಲ್ಲಿ ಸಿಕ್ಕುವ ಉತ್ತರ ಸುಲಭವಾಗಿ ನುಂಗುವಂಥದ್ದಲ್ಲ.

ಅಮ್ಮನೂ ವಾರಿಯರೂ

1898ರ ಆಗಸ್ಟ್‌ನಲ್ಲಿ ಪ್ಲೇಗು ರೈಲು ಹಿಡಿದು ಬೆಂಗಳೂರಿಗೆ ಬಂತು. ಕಿಷ್ಕಿಂಧೆಯಂಥ ಪೇಟೆಯ ಓಣಿಗಳಲ್ಲಿ, ದವಸದ ಉಗ್ರಾಣಗಳ ಇಲಿಗಳ ನಡುವೆ ಅದಕ್ಕೆ ತಡೆಯೇ ಇರಲಿಲ್ಲ. ಜನ ಮನೆಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ನೇರ, ಅಗಲ ಬೀದಿಗಳೊಡನೆ, ಮನೆಗಳ ಹಿಂದೆ ಚೊಕ್ಕಟದ ಓಣಿಗಳೊಡನೆ ಬೇಗ ಬೆಳೆದದ್ದು ಆ ಸಾವಿನ ಪಾಠದಿಂದ. ಹಳೆಯ ಕೋಟೆಯ ಮಗ್ಗುಲಲ್ಲಿ, ನೂರು ವರ್ಷ ಹಿಂದೆ ಫಿರಂಗಿ ಗುಂಡು ಬಿದ್ದ ನೆಲದ ಹತ್ತಿರವೇ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು.

ಆ ಕಾಲದ ಸಾಮಾನ್ಯ ಜನ ರೋಗವನ್ನು ಕರೆದದ್ದು ಅಮ್ಮ ಎಂದು. ಸಿಡುಬು ಬಂದರೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದವರು ಪ್ಲೇಗಿಗೂ ಗುಡಿ ಕಟ್ಟಿ ಪ್ಲೇಗಿನಮ್ಮ ಎಂದರು. ಇಂಥ ಗುಡಿಗಳು ಈ ನಗರದಲ್ಲಿ ಇಂದಿಗೂ ಇವೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಹೊರಗಿನವರು ಒಳಗೆ ಬರುತ್ತಿರಲಿಲ್ಲ. ಗದ್ದಲ ಬೇಡ, ಒಗ್ಗರಣೆ ಬೇಡ, ಮಲಗಿದವರಿಗೆ ತಂಪು ಬೇಕು. ಆಮೇಲೆ ತಂಬಿಟ್ಟಿನ ಆರತಿ ಮಾಡಿ ಅಮ್ಮನನ್ನು ಮರ್ಯಾದೆಯಿಂದ ಬೀಳ್ಕೊಡಬೇಕು. ಇದು ಔಷಧವಲ್ಲ, ಪ್ಲೇಗಿನ ಚಿಗಟಕ್ಕೆ ಇದರಿಂದ ಏನೂ ಆಗಲಿಲ್ಲ. ಲಸಿಕೆ ಬೇಡವೆಂದು ಓಡಿದವರಿಗೆ ಇದೇ ನಂಬಿಕೆ ಆಸರೆಯಾಗಿ ಹಾನಿ ಮಾಡಿದ್ದೂ ಉಂಟು. ಆ ನಂಬಿಕೆಗೆ ಮರಳಿ ಎಂದು ನಾನು ಹೇಳಲಾರೆ. ಆದರೆ ಆ ಭಾಷೆಯ ಒಂದು ಗುಣವನ್ನು ಗಮನಿಸಲೇಬೇಕು: ಅದರಲ್ಲಿ ರೋಗಿ ಸೋಲುವುದಿಲ್ಲ. ಸತ್ತವರನ್ನು ಅಮ್ಮ ಕರೆದುಕೊಂಡಳು. ಬದುಕಿದವರನ್ನು ಅಮ್ಮ ಬಿಟ್ಟುಹೋದಳು. ಸತ್ತವರು ಕೈಲಾಗದವರು ಎಂಬ ಅರ್ಥ ಅಲ್ಲಿ ಎಲ್ಲೂ ಹೊರಡುವುದಿಲ್ಲ.

ಈಗ ನಾವು ಬರೆಯುವುದೇ ಬೇರೆ. ಕ್ಯಾನ್ಸರ್ ಗೆದ್ದ ನಟಿ, ಕ್ಯಾನ್ಸರ್ ವಿರುದ್ಧದ ಹೋರಾಟದಲ್ಲಿ ಸೋತ ಸಾಹಿತಿ. ಅಮೆರಿಕದ ಅಧ್ಯಕ್ಷ ನಿಕ್ಸನ್ 1971ರಲ್ಲಿ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದ ಮೇಲೆ ಕ್ಯಾನ್ಸರ್ ವಿರುದ್ಧ ಯುದ್ಧ ಎಂಬ ಮಾತು ಜಗತ್ತಿಗೆಲ್ಲ ಹಬ್ಬಿತು. ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಸೂಸನ್ ಸಾಂಟಾಗ್ 1978ರಲ್ಲಿ ಇದಕ್ಕೆ ಎದುರಾಗಿ ಒಂದು ಪುಸ್ತಕವನ್ನೇ ಬರೆದರು. ರೋಗಕ್ಕೆ ಹಚ್ಚಿದ ರೂಪಕಗಳು ರೋಗಿಯ ತಲೆಯ ಮೇಲೆ ಅಪರಾಧವನ್ನೂ ನಾಚಿಕೆಯನ್ನೂ ಹೇರುತ್ತವೆ ಎಂಬುದು ಅವರ ವಾದ. ಹನ್ನೊಂದು ವರ್ಷಗಳ ನಂತರ ಏಡ್ಸ್ ಬಗ್ಗೆ ಬರೆದಾಗಲೂ ಸೇನಾರೂಪಕವನ್ನು ಯುದ್ಧ ಮಾಡುವವರಿಗೇ ಹಿಂದಿರುಗಿಸಿ ಎಂಬ ಅರ್ಥದಲ್ಲಿ ಮುಗಿಸಿದರು. ಡೇವಿಡ್ ಹೌಸರ್ ಮತ್ತು ನಾರ್ಬರ್ಟ್ ಶ್ವಾರ್ಜ್ ಎಂಬ ಮನೋವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಕ್ಯಾನ್ಸರನ್ನು ವೈರಿ ಎಂದು ವರ್ಣಿಸಿದ ಬರಹ ಓದಿದವರಲ್ಲಿ, ಧೂಮಪಾನದಂಥ ಚಟಗಳಿಗೆ ಕಡಿವಾಣ ಹಾಕಿಕೊಂಡು ರೋಗ ಬಾರದಂತೆ ನೋಡಿಕೊಳ್ಳುವ ಇಚ್ಛೆ ಕಡಿಮೆಯಾಗಿತ್ತು. ಯುದ್ಧ ಎಂದ ಮೇಲೆ ನುಗ್ಗಬೇಕು ಎನಿಸುತ್ತದೆ, ತಡೆದುಕೊಳ್ಳಬೇಕು ಎನಿಸುವುದಿಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ಊರೂರಿನಿಂದ ಬಂದು ಚೀಟಿ ಹಿಡಿದು ಕೂತವರಲ್ಲಿ ಹೊಗೆಸೊಪ್ಪು ಜಗಿದು ಬಾಯಿಗೆ ರೋಗ ತಂದುಕೊಂಡವರೂ ಇದ್ದಾರೆ. ಅವರಿಗೆ ಮೊದಲೇ ತಲುಪಬೇಕಾಗಿದ್ದ ಮಾತು ಬಿಡಿ ಎಂಬ ಎರಡಕ್ಷರದ್ದು.

2020ರ ಮಾರ್ಚ್ 25ರಂದು ಪ್ರಧಾನಿ, ಮಹಾಭಾರತದ ಯುದ್ಧವನ್ನು 18 ದಿನಗಳಲ್ಲಿ ಗೆದ್ದರು, ಕೊರೊನಾ ವಿರುದ್ಧದ ಯುದ್ಧಕ್ಕೆ 21 ದಿನ ಬೇಕು ಎಂಬರ್ಥದ ಮಾತಾಡಿದರು. ಬಿಬಿಎಂಪಿ ವಾರ್‌ರೂಮ್ ತೆರೆಯಿತು. ವೈದ್ಯರು, ದಾದಿಯರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು ಕೊರೊನಾ ವಾರಿಯರ್ ಆದರು. ದೀಪ ಹಚ್ಚಿದೆವು, ತಟ್ಟೆ ಬಡಿದೆವು, ಹೂ ಸುರಿದೆವು. ಭಯದ ಆ ದಿನಗಳಲ್ಲಿ ಆ ಪದ ಕೆಲವರಿಗೆ ಧೈರ್ಯ ಕೊಟ್ಟಿದ್ದರೆ ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯಿಂದ ಹೊರಟ ಹೆಣ್ಣುಮಗಳೊಬ್ಬಳಿಗೆ ಗೌರವದ ಪದವೊಂದು ಬೇಕಿತ್ತು. ಆದರೆ ಯುದ್ಧದ ಕಥೆಗೆ ವೈರಿಯೂ ಬೇಕಾಗುತ್ತದೆ. ವೈರಾಣು ಕಣ್ಣಿಗೆ ಕಾಣದ್ದರಿಂದ ಜನ ಕಾಣುವವರನ್ನು ಹುಡುಕಿದರು. ಸೋಂಕಿತರ ಮನೆಯ ಬಾಗಿಲಿಗೆ ತಗಡು ಬಡಿಸಿದರು, ಆಸ್ಪತ್ರೆಯ ದಾದಿಗೆ ಬಾಡಿಗೆ ಮನೆ ಬಿಡು ಎಂದವರಿದ್ದರು, ಇಡೀ ಓಣಿಗೆ, ಇಡೀ ಸಮುದಾಯಕ್ಕೆ ರೋಗದ ಹೆಸರು ಹಚ್ಚಿದರು.

2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ಏರಿದಾಗ ಚಾಮರಾಜಪೇಟೆಯ ಚಿತಾಗಾರದ ಮುಂದೆ ಹೌಸ್‌ಫುಲ್ ಎಂಬ ಫಲಕ ಕಂಡಿತು. ಆ ಒಂದು ಪದದ ಮುಂದೆ ಸಮರದ ಮಾತೆಲ್ಲ ನಿಂತುಹೋಯಿತು. ಹೆಣ ಹೊತ್ತು ಬಂದ ಮನೆಯವರಿಗೆ ಇಲ್ಲಿ ಜಾಗವಿಲ್ಲ, ಬೇರೆ ಕಡೆ ಹೋಗಿ ಎಂದು ತಿಳಿಸಬೇಕಿತ್ತು, ಆ ಫಲಕ ಅದನ್ನು ತಿಳಿಸಿತು. ಆಮ್ಲಜನಕ ಎಲ್ಲಿದೆ, ಹಾಸಿಗೆ ಎಷ್ಟಿದೆ, ಯಾವ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊಬೈಲ್ ಹಿಡಿದು ರಾತ್ರಿಯೆಲ್ಲ ಬರೆದುಕೊಂಡ ನಮ್ಮ ಹುಡುಗ ಹುಡುಗಿಯರ ಸಂದೇಶಗಳಲ್ಲೂ ಯುದ್ಧ ಇರಲಿಲ್ಲ. ಅಂಕಿ ಇತ್ತು, ವಿಳಾಸ ಇತ್ತು, ಸಮಯ ಇತ್ತು. ಆ ದಿನಗಳಲ್ಲಿ ನಮ್ಮ ಊರು ಬರೆದ ಅತ್ಯುತ್ತಮ ಗದ್ಯ ಅದು ಎಂದೇ ನಾನು ತಿಳಿದಿದ್ದೇನೆ.

ವಾರಿಯರ್ ಎನಿಸಿಕೊಂಡವರ ಕಥೆ ಮೊದಲ ಅಲೆಯ ನಡುವೆಯೇ ಬೇರೆ ತಿರುವು ಪಡೆದಿತ್ತು. 2020ರ ಜುಲೈನಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ಮನೆಮನೆಗೆ ಹೋಗಿ ಜ್ವರ ವಿಚಾರಿಸಿದವರು, ಸಂಪರ್ಕಕ್ಕೆ ಬಂದವರ ಪಟ್ಟಿ ಮಾಡಿದವರು ಅವರೇ. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿಯ ಖಚಿತ ಗೌರವಧನ ಮತ್ತು ಮೈಗೆ ಮುಖಕ್ಕೆ ಸರಿಯಾದ ರಕ್ಷಣಾ ಸಾಮಗ್ರಿ. ಸೈನಿಕನಿಗೆ ಸಂಬಳವಿದೆ, ಪಿಂಚಣಿಯಿದೆ, ಸತ್ತರೆ ಮನೆಯವರಿಗೆ ಪರಿಹಾರವಿದೆ. ಆಶಾ ಕಾರ್ಯಕರ್ತೆ ಕಾಗದದ ಮೇಲೆ ಸ್ವಯಂಸೇವಕಿ. ಯೋಧೆ ಎಂಬ ಬಿರುದು ಕೊಟ್ಟವರು ಯೋಧನಿಗೆ ಸಲ್ಲುವ ಯಾವುದನ್ನೂ ಜೊತೆಗೆ ಕೊಟ್ಟಿರಲಿಲ್ಲ. ಬಿರುದು ಎಷ್ಟು ದೊಡ್ಡದಾಯಿತೋ ಕೂಲಿಯ ಮಾತೆತ್ತುವುದು ಅಷ್ಟು ಕಷ್ಟವಾಯಿತು. ರಣರಂಗದಲ್ಲಿ ನಿಂತು ಸಂಬಳ ಕೇಳುತ್ತೀರಾ ಎಂದು ಆಗ ಅವರನ್ನು ಹಂಗಿಸಿದವರೂ ಇದ್ದರು.

2025ರ ಜನವರಿಯಲ್ಲಿ, ಮೈ ಕೊರೆಯುವ ಚಳಿಯಲ್ಲಿ, ಅವರು ಮತ್ತೆ ಬೆಂಗಳೂರಿಗೆ ಬಂದರು. ಹಳೆಯ ಸೆಂಟ್ರಲ್ ಜೈಲಿದ್ದ ಜಾಗದ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಆ ವೇಳೆಗೆ ಅವರನ್ನು ವಾರಿಯರ್ ಎಂದು ಕರೆಯುವವರು ಉಳಿದಿರಲಿಲ್ಲ. ಅವರೂ ತಮ್ಮ ಬೇಡಿಕೆಗೆ ಆ ಪದವನ್ನು ನೆಚ್ಚಿಕೊಂಡಿರಲಿಲ್ಲ, ಕೇಳಿದ್ದು ಮತ್ತೆ ಗೌರವಧನವನ್ನೇ. ನಾಲ್ಕನೆಯ ದಿನ ಸರ್ಕಾರ ಏಪ್ರಿಲಿನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಕೊಟ್ಟಿತು. ಅವರು ಹೊದಿಕೆ ಮಡಚಿಕೊಂಡು ಸಂಜೆಯ ಬಸ್ಸು, ರೈಲು ಹಿಡಿದು ಊರುಗಳಿಗೆ ಹೊರಟರು. ಅಲ್ಲಿ ಬಸುರಿಯರ ಪಟ್ಟಿ, ಮಕ್ಕಳ ಲಸಿಕೆಯ ಪುಸ್ತಕ ತುಂಬುವುದು ಬಾಕಿಯಿತ್ತು.